ಮಳೆನೀರಿನ ಗಾಡಿ

ಗೌರಿಬಿದನೂರು
೧೭ ನವೆಂಬರ್ ೨೦೨೪

ಪ್ರೀತಿಯ ರಾಧಾಮಣಿ ಅಕ್ಕನಿಗೆ,

ನಿನ್ನ ತಂಗಿ ಶ್ಯಾಮಲಳ ನಮಸ್ಕಾರ. ನಿನ್ನ ಕಾಗದ ಬಂದು ತಿಂಗಳಾಯಿತು. ಉತ್ತರವಿಲ್ಲವೆಂದು ಬೈದುಕೊಂಡಿರುತ್ತೀಯ, ಬೈದುಕೋ. ಫೋನಿನಲ್ಲಿ ನಿನಗೆ ಕಿವಿ ಕೇಳಿಸದು, ನನಗೆ ಕಿರುಚುವ ತ್ರಾಣವಿಲ್ಲ. ನಿನ್ನ ಮೊಮ್ಮಗಳ ನಾಮಕರಣಕ್ಕೂ ಚಿಂತಾಮಣಿಗೆ ಬರಲಾಗಲಿಲ್ಲ. ಇವರನ್ನು ಯಾರ ಕೈಗೆ ಒಪ್ಪಿಸಿ ಬರಲಿ ಹೇಳು.

ನಮ್ಮ ಯಜಮಾನರ ಮರೆವು ಹಾಗೇ ಇದೆ. ಬಡಿಸಿದರೆ ಉಣ್ಣುತ್ತಾರೆ, ನಾನು ಯಾರೆಂದು ಕೇಳಿದರೆ ಸುಮ್ಮನೆ ಮುಖ ನೋಡುತ್ತಾರೆ. ಮೂವತ್ತೆಂಟು ವರ್ಷ ಸಂಸಾರ ಮಾಡಿದ್ದೇನೆ, ನನ್ನ ಹೆಸರು ಅವರ ಬಾಯಲ್ಲಿ ಕೇಳಿ ಒಂದು ವರ್ಷವಾಯಿತು. ಬೆಳಿಗ್ಗೆ ಎದ್ದರೆ ಶೆಡ್ಡಿನಲ್ಲಿರುವ ಹಳೇ ಅಂಬಾಸಿಡರಿನೊಳಗೆ ಹೋಗಿ ಕೂರುತ್ತಾರೆ. ಚಿಕ್ಕಬಳ್ಳಾಪುರದ ಡಾಕ್ಟರಮ್ಮ, "ಆ ಗಾಡೀಲಿ ಒಂದ್ಸಲ ಸುತ್ತಾಡಿಸ್ಕೊಂಡ್ ಬನ್ನಿ, ಹಳೇದೇನಾದ್ರೂ ನೆನಪಾಗಬಹುದು" ಎಂದರು. ಹಳೆಯದರಲ್ಲಿ ನಾನೂ ಸೇರಿದ್ದೇನಲ್ಲ, ಆಸೆ ಹುಟ್ಟಿತು.

ಗಾಡಿಯೋ ಬೇಸಿಗೆಯಲ್ಲೇ ಕೆಟ್ಟು ನಿಂತಿತ್ತು. ಮೆಕ್ಯಾನಿಕ್ ಮುನಿಗಂಗಪ್ಪನನ್ನು ಕರೆಸಿದೆ. ಅವನು ಎಂಜಿನ್ ಕಾಯದಂತೆ ನೀರು ಹರಿಸುವ ವಾಟರ್ ಪಂಪ್ ಬಿಚ್ಚಿ ತಂದು ಮುಂದಿಟ್ಟ. ಒಳಗಿನ ರೆಕ್ಕೆ ಸವೆದುಹೋಗಿ, ಸುತ್ತ ಬಚ್ಚಲ ಹಂಡೆಯಂತೆ ಬಿಳೀ ಉಪ್ಪು ಕಟ್ಟಿತ್ತು.

"ಬೋರ್ ನೀರು ಹಾಕಿದ್ರೇನಮ್ಮಾ?" ಎಂದ.

ಹಾಕಿದ್ದೆ. ಇವರಿಗೆ ಹೀಗಾದ ಮೇಲೆ, ಗಾಡಿ ಒಣಗಬಾರದೆಂದು ಪ್ರತಿ ಶುಕ್ರವಾರ ಅದಕ್ಕೆ ಕುಂಕುಮವಿಟ್ಟು, ರೇಡಿಯೇಟರಿಗೆ ನಲ್ಲಿಯ ಬೋರ್ ನೀರನ್ನೇ ತುಂಬಿಸಿ, ಪಕ್ಕದ ಮನೆಯ ಸುನೀಲ್‌ಕುಮಾರನಿಂದ ಸ್ಟಾರ್ಟ್ ಮಾಡಿಸುತ್ತಿದ್ದೆ. ಇವರು ಚೆನ್ನಾಗಿದ್ದಾಗ ಗಾಡಿಯ ಕೆಲಸವೆಲ್ಲ ತಾವೇ ಮಾಡಿಕೊಂಡು, ಮಾಳಿಗೆಯ ಮಳೆನೀರನ್ನು ಹಿಡಿದಿಟ್ಟು ಅದನ್ನೇ ಹಾಕುತ್ತಿದ್ದರು. "ನಿಮ್ಮ ಗಾಡಿಗೆ ನಮ್ಮಜ್ಜಿಗಿಂತ ಮಡಿ ಜಾಸ್ತಿ" ಎಂದು ಗೇಲಿ ಮಾಡುತ್ತಿದ್ದವಳು ನಾನೇ. ನಮ್ಮ ಕಡೆಯ ಬೋರ್ ನೀರು ಪಾತ್ರೆಯನ್ನೇ ತಿನ್ನುತ್ತದೆ, ಅಷ್ಟೂ ಹೊಳೆಯಲಿಲ್ಲ. ಅವತ್ತು ನನಗೆ ಊಟ ಸೇರಲಿಲ್ಲ.

ವಾರ ಕಳೆದು ಮುನಿಗಂಗಪ್ಪ ಎರಡು ಪಂಪ್ ತಂದ. ಒಂದು ಡಬ್ಬಿ ಒಡೆಯದ ಹೊಸದು. ಇನ್ನೊಂದು ಶಿಡ್ಲಘಟ್ಟದಲ್ಲಿ ಯಾರದೋ ಮೂಲೆ ಸೇರಿದ ಅಂಬಾಸಿಡರಿನಿಂದ ಬಿಚ್ಚಿದ್ದು, ಮೈಯೆಲ್ಲ ತುಕ್ಕು. "ಹೊಸದು ತೂತಿಗೆ ತೂತು ಕೂರ್ತದೆ. ಆದ್ರೆ ಇದು ಭಾಳ ಹಳೇ ಎಂಜಿನ್ನು, ನಂಗೇ ಧೈರ್ಯ ಸಾಲ್ದು. ಹಳೇದು ಎಷ್ಟು ದಿನ ಬರ್ತದೋ ದೇವ್ರಿಗೇ ಗೊತ್ತು. ನೀವೇ ಹೇಳಮ್ಮಾ" ಎಂದ. ನನಗೇನು ಗೊತ್ತು? ಹಳೆಯದನ್ನು ರಿಪೇರಿ ಮಾಡಿ ಮಾಡಿ ಸಾಕಾಗಿತ್ತು. ಹೊಸದೇ ಹಾಕು ಎಂದೆ.

ಆಗ ಇವರು ಗಾಡಿಯಿಂದಿಳಿದು ಬಂದು ಹೊಸದನ್ನು ಕೈಗೆತ್ತಿಕೊಂಡರು. ತಿರುಗಿಸಿದರು, ಹೆಬ್ಬೆರಳಿಟ್ಟು ಅಳೆದರು. "ಇದು ಮುಂದಕ್ಕೆ ಬರ್ತದೆ ಕಣಪ್ಪ. ಬೆಲ್ಟು ವಾರೆ ಓಡ್ತದೆ" ಎಂದು ಕೆಳಗಿಟ್ಟರು. ತುಕ್ಕಿನದನ್ನು ಅಲ್ಲಾಡಿಸಿ ನೋಡಿ, "ಇದಕ್ಕೆ ಬೇರಿಂಗು, ಸೀಲು ಹೊಸದು ಹಾಕು. ಇದೇ ಸರಿ" ಎಂದರು. ಮುನಿಗಂಗಪ್ಪ ಅಳತೆ ಹಿಡಿದು ನೋಡಿದರೆ ನಿಜವಾಗಿ ಅರ್ಧ ಬೆರಳು ವ್ಯತ್ಯಾಸ. "ಯಜಮಾನ್ರ ಕೈ ಮರ್ತಿಲ್ಲ ಬಿಡಮ್ಮಾ" ಎಂದ. ನಾನು ಅಡುಗೆಮನೆಗೆ ಹೋಗಿ ಅತ್ತೆ.

ಹೋದ ಭಾನುವಾರ ಮಳೆನೀರು ತುಂಬಿಸಿ ನಗರಗೆರೆಯವರೆಗೆ ಹೋಗಿ ಬಂದೆವು. ಮುನಿಗಂಗಪ್ಪ ಓಡಿಸಿದ, ಇವರು ಅವನ ಪಕ್ಕ, ನಾನು ಹಿಂದೆ. ಎಂಜಿನ್ ಕಾಯಲೇ ಇಲ್ಲ. ಮೈಕೈ ನೋವು ನನಗೆ ಇದ್ದದ್ದೇ, ನೀನು ಚಿಂತೆ ಮಾಡಬೇಡ.

ಭಾವನವರಿಗೆ ನಮಸ್ಕಾರ ತಿಳಿಸು. ಕೂಸಿಗೆ ದೃಷ್ಟಿ ತೆಗೆಯುವಾಗ ನನ್ನ ಹೆಸರಿನಲ್ಲೂ ಒಂದು ಸಲ ತೆಗೆ. ನೂರು ವರ್ಷ ಬಾಳಲಿ.

ನಿನ್ನ ತಂಗಿ,
ಶ್ಯಾಮಲ

ಮರೆತ ಮಾತು: ಮರೆತದ್ದಲ್ಲ ಅಕ್ಕ, ಮೇಲೆ ಬರೆಯಲು ಕೈ ಬರಲಿಲ್ಲ. ವಾಪಸು ಬರುವಾಗ ಮುನಿಗಂಗಪ್ಪ ಟೀಗೆ ಇಳಿದ. ಇವರು ಹಿಂದಕ್ಕೆ ತಿರುಗಿ, ಯಾರೋ ಪರಸ್ಥಳದವರೊಡನೆ ಮಾತಾಡುವಂತೆ ಮೆಲ್ಲಗೆ ಹೇಳಿದರು: "ಅಮ್ಮಾ, ಈ ಗಾಡಿಗೆ ಬೋರ್ ನೀರು ಹಾಕ್ದೋಳು ನಮ್ಮ ಶ್ಯಾಮಲ. ಪಂಪು ಹೋಗಿದ್ದು ಅದ್ರಿಂದ ಅಂತ ಅವಳಿಗೆ ಹೇಳ್ಬೇಡಿ. ನೊಂದ್ಕೋತಾಳೆ."

ಹೇಳುವುದಿಲ್ಲ ಎಂದೆ.