ಕಿವಿಯೋಲೆ ಮಾತ್ರ ಸ್ಪಷ್ಟ

ಮಾರ್ಚ್ ೧೪, ಭಾನುವಾರ

ಪ್ರೀತಿಯ ಗೆಳೆಯಾ,

ನೀವೆಲ್ಲ ಕ್ಷೇಮವೆಂದು ನಂಬಿದ್ದೇನೆ. ಇಲ್ಲಿ ನನ್ನ ಮಂಡಿನೋವೊಂದನ್ನು ಬಿಟ್ಟರೆ ಎಲ್ಲ ಸುಖ. ನಿನ್ನ ಕ್ಯಾಮೆರಾ ಕೈಸೇರಿ ಮೂರು ತಿಂಗಳಾದರೂ ಒಂದು ಸಾಲು ಬರೆಯಲಿಲ್ಲ. ಬೈಯುವುದಿದ್ದರೆ ಬೈದುಬಿಡು, ಆಮೇಲೆ ಓದು.

"ನನ್ನ ಕಣ್ಣು ಹೋಯ್ತು, ಇನ್ನು ಇದು ನನಗ್ಯಾಕೆ? ಬಿಚ್ಚಿ ನಿನ್ನ ರಿಪೇರಿ ಕೆಲಸಕ್ಕೆ ಬಿಡಿಭಾಗ ಇಟ್ಕೋ" ಎಂದು ಚೀಟಿ ಇಟ್ಟಿದ್ದೆಯಲ್ಲ, ಅದನ್ನು ಓದಿ ಹೊಟ್ಟೆ ಉರಿಯಿತು. ಕ್ಯಾಮೆರಾ ಅಲುಗದಿರಲೆಂದು ಡಬ್ಬಿಗೆ ನೀನು ತುರುಕಿದ್ದು ನಿನ್ನದೇ ಕೆಟ್ಟ ಫೋಟೋಗಳನ್ನು. ನನ್ನಾಕೆ ಒಂದನ್ನು ಬಿಡಿಸಿ ನೋಡಿ, "ಇದೇನ್ರೀ, ಅಣ್ಣ ಈಯಮ್ಮನ ಮುಖ ಬಿಟ್ಟು ಓಲೆ ಫೋಟೋ ತೆಗ್ದಿದಾರೆ?" ಎಂದಳು. ನಿಜ, ಕಣ್ಣು ಮಸುಕು, ಓಲೆಯ ಹರಳು ಎಣಿಸುವಷ್ಟು ಸ್ಪಷ್ಟ. ಇನ್ನೊಂದರಲ್ಲಿ ಮದುಮಗನ ಕಿವಿ ಸ್ಪಷ್ಟ. ಮೂರನೆಯದರಲ್ಲೂ ಕಿವಿಯೇ!

ತಲೆಗೆ ಹುಳ ಹೊಕ್ಕಿತು. ಕಣ್ಣು ಮಂದವಾದವನು ಒಮ್ಮೆ ಮುಂದೆ ತಪ್ಪುತ್ತಾನೆ, ಒಮ್ಮೆ ಹಿಂದೆ. ಪ್ರತಿ ಸಲವೂ ನಾಲ್ಕು ಬೆರಳು ಹಿಂದಕ್ಕೇ ತಪ್ಪುವುದು ಹೇಗೆ?

ಬಿಚ್ಚುವುದನ್ನು ಬಿಟ್ಟು ಪರೀಕ್ಷೆಗೆ ಕೂತೆ. ಫಿಲ್ಮ್ ಇರುವ ಜಾಗಕ್ಕೆ ಎಣ್ಣೆಕಾಗದ ಅಂಟಿಸಿ, ಒಂದು ಮೀಟರ್ ದೂರದ ಕುರ್ಚಿಗೆ ಪತ್ರಿಕೆ ಒರಗಿಸಿದೆ. ಕಣ್ಣಿಟ್ಟು ನೋಡುವ ಕಿಂಡಿಯೊಳಗೆ ಕಾಣುವ ಎರಡು ಬಿಂಬ ಒಂದಾದರೆ ದೂರ ಸರಿಯಾಯಿತೆಂದು ಲೆಕ್ಕ ತಾನೆ? ಒಂದಾದವು. ಆದರೆ ಎಣ್ಣೆಕಾಗದದ ಮೇಲೆ ಅಕ್ಷರಗಳೆಲ್ಲ ಮಸುಕು. ಕುರ್ಚಿಯನ್ನು ನಾಲ್ಕು ಬೆರಳು ಹಿಂದಕ್ಕೆ ತಳ್ಳಿದೆ ನೋಡು, ಪಾತ್ರೆ ಅಂಗಡಿಯ ಜಾಹೀರಾತು ನಿಚ್ಚಳವಾಗಿ ಮೂಡಿತು! "ಸಿಕ್ಕಿಬಿಟ್ಟ ಕಳ್ಳ!" ಎಂದು ಕೂಗಿದೆ. ನನ್ನಾಕೆ ಸೌಟು ಹಿಡಿದುಕೊಂಡೇ ಓಡಿಬಂದಳು.

ವಿಚಿತ್ರವೆಂದರೆ, ದೂರದ ನೀರಿನ ಟ್ಯಾಂಕಿಗೆ ಹಿಡಿದರೆ ಎಲ್ಲವೂ ಸರಿ. ಹತ್ತಿರಕ್ಕೆ ಮಾತ್ರ ಸುಳ್ಳು. ನೀನು ಜೀವಮಾನವಿಡೀ ತೆಗೆದದ್ದು ಹತ್ತಿರದ ಮುಖಗಳನ್ನೇ. ಒಳಗೆ ದೂರಕ್ಕೊಂದು ಸ್ಕ್ರೂ, ಹತ್ತಿರಕ್ಕೊಂದು. ಎರಡೂ ಓರಗಿತ್ತಿಯರ ಹಾಗೆ, ಒಂದನ್ನು ಓಲೈಸಿದರೆ ಇನ್ನೊಂದಕ್ಕೆ ಮುನಿಸು. ಟ್ಯಾಂಕಿಗೂ ಕುರ್ಚಿಗೂ ಹದಿನೇಳು ಸಲ ತಿರುಗಿಸಿದ ಮೇಲೆ ರಾಜಿಯಾದವು. ಒಂದು ರೀಲು ಹಾಕಿ ನನ್ನಾಕೆಯ ಫೋಟೋ ತೆಗೆದೆ. "ರೆಪ್ಪೆ ಕಾಣ್ಲಿ ಅಂದ್ರೆ ಸುಕ್ಕೂ ಕಾಣ್ಬೇಕಾ?" ಎಂದು ಮುಖ ಊದಿಸಿಕೊಂಡಿದ್ದಾಳೆ. ಆ ಫೋಟೋವೂ ನಿನ್ನ ಕ್ಯಾಮೆರಾವೂ ಈ ಪತ್ರದೊಂದಿಗಿವೆ.

ನಿನ್ನ ಕಣ್ಣಿಗೆ ಏನೂ ಆಗಿಲ್ಲ ಕಣೋ. ಕಣ್ಣಿನ ಡಾಕ್ಟರು ಅದನ್ನೇ ಹೇಳಿದಾಗ ನೀನು "ಅವನಿಗೇನು ಗೊತ್ತು" ಎಂದು ಹಾರಾಡಿದ್ದೆ. ಈಗ ಕ್ಯಾಮೆರಾವೇ ಹೇಳುತ್ತಿದೆ, ಕೇಳು. ಸ್ಟುಡಿಯೋ ಮತ್ತೆ ತೆರೆಯುತ್ತೀಯೋ ಇಲ್ಲವೋ, ನಿನ್ನಿಷ್ಟ. ಮೊದಲು ಮೊಮ್ಮಗಳನ್ನು ಬೆಳಕಿಗೆ ಕೂರಿಸಿ ಒಂದು ಫೋಟೋ ತೆಗೆ.

ಅವಳಿಗೂ ಅವಳಮ್ಮನಿಗೂ ನಮ್ಮಿಬ್ಬರ ಆಶೀರ್ವಾದ. ನೂರು ವರ್ಷ ನಗುನಗುತ್ತಿರಲಿ.

ನಿನ್ನ
ಸ್ಕ್ರೂಮಾಸ್ತರ

ತಾ.ಕ.: ಕ್ಯಾಮೆರಾ ಎಂಟೇ ದಿನಕ್ಕೆ ಸರಿಹೋಗಿತ್ತು. ಉಳಿದ ದಿನಗಳೆಲ್ಲ ಈ ನಾಲ್ಕು ಸಾಲಿಗೆ ಹೋದವು. ಹೊಂದಿಸಿದ ಸ್ಕ್ರೂ ಅಲುಗದಿರಲೆಂದು ನಾನು ಅದರ ಮೇಲೆ ಉಗುರುಬಣ್ಣದ ಹನಿ ಹಾಕುತ್ತೇನೆ, ನನ್ನಾಕೆಯ ನೇರಳೆ ಬಣ್ಣ. ಮುಚ್ಚಳ ತೆಗೆದಾಗ ಒಳಗೆ ಕಂಡದ್ದು ಅದೇ ನೇರಳೆ ಹನಿ. ಐದು ವರ್ಷದ ಹಿಂದೆ ನೀನು ಇದನ್ನು ಬೀಳಿಸಿಕೊಂಡು ರಿಪೇರಿಗೆ ತಂದಿದ್ದೆ. ನಿನ್ನ ಬಸ್ಸಿಗೆ ಹೊತ್ತಾಯಿತೆಂದು ನಾನು ಬರೀ ಟ್ಯಾಂಕಿಗೆ ಹೊಂದಿಸಿ, ಹತ್ತಿರದ್ದನ್ನು ನೋಡದೆಯೇ "ಫಸ್ಟ್ ಕ್ಲಾಸ್, ತಗೊಂಡ್ಹೋಗು" ಎಂದು ಕೊಟ್ಟೆ. ತಪ್ಪು ನನ್ನದು. ಕ್ಷಮಿಸೆನ್ನಲು ಬಾಯಿ ಬರುತ್ತಿಲ್ಲ. ಎರಡು ವರ್ಷದ ನಂತರ ನೀನು ಸ್ಟುಡಿಯೋ ಬೋರ್ಡು ಇಳಿಸುವಾಗ ಕೆಳಗೆ ಏಣಿ ಹಿಡಿದು ನಿಂತು, "ಕಣ್ಣಿಗೆ ವಯಸ್ಸಾಯ್ತು, ಒಪ್ಕೊಳ್ಳೋ" ಎಂದವನೂ ನಾನೇ.