ಕೋಡ್ 163ರ ಕುರ್ಚಿ

4 ಅಕ್ಟೋಬರ್ 1997, ಶನಿವಾರ
ಇವತ್ತು ಹನ್ನೊಂದು ಕ್ಲೇಮ್. ವಾಕರ್, ವೀಲ್‌ಚೇರ್, ಕಮೋಡ್ ಚೇರ್. ಟೈಪ್ ಮಾಡಿ, ಕೋಡ್ ಹಾಕಿ, ಸೀಲ್ ಹೊಡೆಯುವಾಗ ನಾಲ್ಕೂವರೆ. ಅಷ್ಟರಲ್ಲಿ ಇನ್ಶೂರೆನ್ಸ್ ಆಫೀಸಿನ ಫ್ಯಾಕ್ಸ್. ನಮ್ಮ ಅಂಗಡಿ ಬಿಲ್ ಮಾಡಿದ ಸಾಮಾನು ರೋಗಿಗಳ ಮನೆಯಲ್ಲಿ ನಿಜಕ್ಕೂ ಇದೆಯೇ ಎಂದು ನೋಡಲು ಇನ್‌ಸ್ಪೆಕ್ಟರ್ ಬರುತ್ತಾರಂತೆ. ಬರುವ ಶನಿವಾರ. ಐದು ಮನೆ. ಮೂರನೆಯದು — ಕುಲ್ಸುಂ, ಗುದೈಬಿಯಾ ಏರಿಯಾ.

ಫ್ಯಾಕ್ಸ್ ಮಡಚಿ ಕಿಸೆಗೆ ಹಾಕಿದೆ.

5 ಅಕ್ಟೋಬರ್, ಮಧ್ಯಾಹ್ನ
ಈ ಡೈರಿಯಲ್ಲಾದರೂ ಸತ್ಯ ಬರೆಯುತ್ತೇನೆ. ಜುಲೈಯಲ್ಲಿ ಡ್ರೈವರ್ ಕೆಲಸದ ಅಬ್ದುಲ್ಲಾಕ ಅಂಗಡಿಗೆ ಬಂದಿದ್ದರು. ಹೆಂಡತಿ ಕುಲ್ಸುಮಕ್ಕನಿಗೆ ಸೊಂಟದ ಆಪರೇಷನ್ ಆಗಿತ್ತು. ಬಾತ್‌ರೂಮಿನ ಗೋಡೆಗೆ, ಹಿಡಿದು ನಿಲ್ಲಲು ಸ್ಟೀಲಿನ ಹಿಡಿ ಬೇಕಿತ್ತು. ಹಿಡಿಗೆ ಕೋಡ್ 241. ಅದು ಬರೀ ಅನುಕೂಲದ ಸಾಮಾನಂತೆ, ಇನ್ಶೂರೆನ್ಸಿನಲ್ಲಿ ಪಾಸಾಗುವುದಿಲ್ಲ. ಕಮೋಡ್ ಚೇರ್, 163 — ಪಾಸಾಗುತ್ತದೆ. 163 ಬರೆದೆ, ಹಿಡಿ ಕೊಟ್ಟೆ. ಉಳ್ಳಾಲದವರು, ನಮ್ಮ ಊರಿನವರು ಎಂದು. ದೊಡ್ಡ ಉಪಕಾರಿ ನಾನು!

ಈ ಪರದೇಶದಲ್ಲಿ ಸಿಕ್ಕಿಬಿದ್ದರೆ ವೀಸಾ ಕ್ಯಾನ್ಸಲ್. ಜೈಲೂ ಆಗಬಹುದು. ಪಾಸ್‌ಪೋರ್ಟ್ ಅಂಗಡಿ ಯಜಮಾನ ಅರ್ಬಾಬನ ಕಪಾಟಿನಲ್ಲಿದೆ. ಊರಲ್ಲಿರುವ ಮಾರ್ಥಾಳಿಗೆ ಏನೆಂದು ಕಾಗದ ಬರೆಯಲಿ? ಗಂಡ ಕಳ್ಳ ಬಿಲ್ ಮಾಡಿದ ಎಂದೇ?

7 ಅಕ್ಟೋಬರ್
ಹಿಡಿ ಜೋಡಿಸಿದ್ದು ನಮ್ಮ ಫಿಟ್ಟರ್ ಕಿಟ್ಟಣ್ಣ. ಗೋಡೌನಿನಲ್ಲಿ ಮೆಲ್ಲಗೆ ಹೇಳಿದೆ — ಅಲ್ಲೊಂದು ಕಮೋಡ್ ಚೇರ್ ಇಟ್ಟು, ಹಿಡಿ ತೆಗೆಯಬೇಕು.

"ಕುರ್ಚಿ ಇಟ್ರೆ ಸಾಕಲ್ವ ಮಾರಾಯ? ಹಿಡಿ ಯಾಕೆ ತೆಗಿಯುದು?"

"ಹಿಡಿ ಮೇಲೆ ನಮ್ಮ ಅಂಗಡಿ ಹೆಸರುಂಟು ಕಿಟ್ಟಣ್ಣ. ಇದರ ಬಿಲ್ ಎಲ್ಲಿ ಅಂತ ಕೇಳಿದ್ರೆ?"

"ತೆಗಿಲಿಕ್ಕೆ ನಾನು ಬರುದಿಲ್ಲ. ಆ ಹೆಂಗಸು ಬಿದ್ರೆ?"

ಅವನಿಗೇನು, ಕಾಗದದಲ್ಲಿ ಸಹಿ ಇರುವುದು ನನ್ನದು.

9 ಅಕ್ಟೋಬರ್, ಗುರುವಾರ
ಕುಲ್ಸುಮಕ್ಕನ ಮನೆಗೆ ಹೋಗಿದ್ದೆ, ಗೋಡೌನಿನಿಂದ ಒಂದು ಕಮೋಡ್ ಚೇರ್ ಒಯ್ದು ಇಟ್ಟೆ. ನಾಲ್ಕು ಸ್ಕ್ರೂ ಬಿಚ್ಚಲು ಮುಕ್ಕಾಲು ಗಂಟೆ. ಅಭ್ಯಾಸವಿಲ್ಲದ ಕೈ. ತೂತುಗಳಿಗೆ ಬಿಳಿ ಸಿಮೆಂಟು ಮೆತ್ತಿದೆ. ಕುಲ್ಸುಮಕ್ಕ ಬಾಗಿಲಲ್ಲಿ ವಾಕರ್ ಹಿಡಿದು ನೋಡುತ್ತಾ ನಿಂತಿದ್ದರು. ಊರಿನ ರೂಢಿಯಂತೆ ಕ್ರಿಶ್ಚಿಯನ್ನನಾದ ನನ್ನನ್ನು ಪೊರ್ಬು ಎಂದೇ ಕರೆಯುವುದು ಅವರು.

"ಪೊರ್ಬುಗಳೇ, ಬೆಳಿಗ್ಗೆ ನಮಾಜಿಗೆ ಮೊದ್ಲು ವುಝು ಮಾಡ್ಲಿಕ್ಕೆ ನಾನು ಅದನ್ನೇ ಹಿಡಿಯುದು. ಕಾಲು ತೊಳೀಬೇಕಲ್ಲ."

"ಎರಡೇ ದಿವಸ ಅಕ್ಕ. ಪುನಃ ಹಾಕಿ ಕೊಡ್ತೇನೆ."

"ಆಯ್ತು. ನಮ್ಮಿಂದ ನಿಮ್ಗೆ ತೊಂದ್ರೆ ಆಗುದು ಬೇಡ." ಚಾ ಕೊಟ್ಟರು, ಕುಡಿಯಲಾಗಲಿಲ್ಲ.

11 ಅಕ್ಟೋಬರ್, ಶನಿವಾರ
ಇನ್‌ಸ್ಪೆಕ್ಟರ್ ಬಂದು ಹೋದ. ಕುರ್ಚಿ ನೋಡಿದ, ಟಿಕ್ ಹಾಕಿದ. ಖಲಾಸ್. ಅಬ್ದುಲ್ಲಾಕ ಫೋನ್ ಮಾಡಿ ಹೇಳಿದರು. ನಾಳೆಯೇ ಹೋಗಿ ಹಿಡಿ ಹಾಕಬೇಕು.

12 ಅಕ್ಟೋಬರ್
ಹೋಗಲಿಲ್ಲ. ಕೆಲವು ಮನೆಗಳಿಗೆ ಹೇಳದೆ ಇನ್ನೊಮ್ಮೆ ಬರುತ್ತಾರಂತೆ. ಯಾರೋ ಅಂದದ್ದು. ನಿಜವೋ ಸುಳ್ಳೋ... ಶುಕ್ರವಾರ ಹಾಕುತ್ತೇನೆ ಎಂದು ಅಬ್ದುಲ್ಲಾಕನಿಗೆ ಹೇಳಿದೆ. ಹಿಡಿ ನನ್ನ ಮೇಜಿನ ಕೆಳಗೆ, ಪೇಪರಿನಲ್ಲಿ ಸುತ್ತಿ ಇಟ್ಟಿದ್ದೇನೆ. ಕಾಲಿಗೆ ತಾಗುತ್ತದೆ. ತಾಗಿದಾಗಲೆಲ್ಲ ಇನ್ನಷ್ಟು ಒಳಗೆ ತಳ್ಳುತ್ತೇನೆ.

18 ಅಕ್ಟೋಬರ್, ಶನಿವಾರ, ಬೆಳಿಗ್ಗೆ 10
ಆಸ್ಪತ್ರೆಯ ಹೊಸ ಫಾರ್ಮ್ ಹಿಡಿದು ಅಬ್ದುಲ್ಲಾಕ ಬಂದರು. ಕುಲ್ಸುಂ, ವಯಸ್ಸು 58. ಬೇಕಾದದ್ದು: ವೀಲ್‌ಚೇರ್. ಕಾರಣ: ಶುಕ್ರವಾರ ಬೆಳಿಗ್ಗೆ ಬಾತ್‌ರೂಮಿನಲ್ಲಿ ಬಿದ್ದು ಸೊಂಟ ಮುರಿತ.

ನಾನು ಹಿಡಿ ಹಾಕಲು ಹೋಗಬೇಕಿದ್ದ, ಮತ್ತೆ ಹೆದರಿ ಹೋಗದ ಶುಕ್ರವಾರ.

"ಇವತ್ತು ಪೊರ್ಬುಗಳು ಬರ್ತಾರೆ ಅಂತ ಹೇಳ್ತಾನೇ ಒಳಗೆ ಹೋದಳು. ಅಭ್ಯಾಸ ಅಲ್ವಾ, ಕೈ ಗೋಡೆಗೇ ಹೋಯ್ತಂತೆ." ಅಷ್ಟೇ ಹೇಳಿದರು. ಬೈಯಲಿಲ್ಲ. ಎರಡು ಬಾರಿಸಿದ್ದರೂ ಸಹಿಸುತ್ತಿದ್ದೆ.

ಈಗ ಹೊರಗೆ ಬೆಂಚಿನಲ್ಲಿ ಕೂತಿದ್ದಾರೆ, ಫಾರ್ಮಿಗೆ ಕಾಯುತ್ತಾ. ವೀಲ್‌ಚೇರಿನ ಕೋಡ್ ಹಾಕಿ ಆಯಿತು. ಒಂದೇ ಕಾಲಂ ಬಾಕಿ — ಮನೆಯಲ್ಲಿ ಈಗಾಗಲೇ ಇರುವ ಉಪಕರಣ. 163 ಎಂದು ಬರೆದರೆ ನಾನು ಬಚಾವ್. ಯಾರಿಗೂ ಗೊತ್ತಾಗುವುದಿಲ್ಲ. ಹೆದರಿಕೆ ಹಾಗೇ ಇದೆ.

ಫಾರ್ಮಿನಲ್ಲಿ ಬರೆಯಬೇಕಾದದ್ದನ್ನು ಮೊದಲು ಇಲ್ಲಿ ಬರೆದು ನೋಡುತ್ತೇನೆ. ಗೋಡೆಯ ಹಿಡಿ, 241. ಇತ್ತು. ತೆಗೆದವನು — ನಾನು.