ಅಮ್ಮನ ದವಡೆಯ ಕೆಳಗಿನ ಕೈ

ಮನೆಯಿಂದ,
ಭಾನುವಾರ, ಮಾರ್ಚ್ ೯

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಬಣ್ಣದ ವಾಸನೆಗೆ ಬರುತ್ತಿದ್ದ ಕೆಮ್ಮು ಕಡಿಮೆಯಾಯಿತೇ? ಕಿಟಕಿ ತೆರೆದಿಟ್ಟು ಕೆಲಸ ಮಾಡು ಎಂದರೆ ಕೇಳುವವನಲ್ಲ ನೀನು. ಚಿಕ್ಕಂದಿನಲ್ಲೂ ಹೊದಿಕೆಯೊಳಗೆ ಕೂತೇ ಚಿತ್ರ ಬಿಡಿಸುತ್ತಿದ್ದೆ. ಅಮ್ಮ ಇದ್ದಂತೆಯೇ ಇದ್ದಾಳೆ. ಲಕ್ವ ಹೊಡೆದು ನಾಲ್ಕು ವರ್ಷವಾಯಿತು, ಎಡಗೈ ಏಳುವುದಿಲ್ಲ, ಕತ್ತು ಎಡಕ್ಕೇ ವಾಲುತ್ತದೆ. ಬಾಯಿ ಮಾತ್ರ ಮೊದಲಿಗಿಂತ ಜೋರು. ಇವತ್ತು ಭಾನುವಾರದ ವಿಡಿಯೋ ಕಾಲ್ ಯಾಕೆ ಬರಲಿಲ್ಲ ಎಂದು ನೀನು ಕಾದಿರಬಹುದು. ಬೇಕೆಂದೇ ಮಾಡಲಿಲ್ಲ. ಫೋನಿನಲ್ಲಿ ನೀನು ಅಮ್ಮನನ್ನು ನೋಡುತ್ತೀಯ, ನನ್ನ ಮಾತು ನಿನ್ನ ಕಿವಿಗೆ ಬೀಳುವುದಿಲ್ಲ.

ಮೊದಲು ನನ್ನ ಸುದ್ದಿ. ಬೇರೆ ಊರಿನ ದೊಡ್ಡ ಆಸ್ಪತ್ರೆಯವರು ಎಕ್ಸ್‌ರೇ ವಿಭಾಗ ನೋಡಿಕೊಳ್ಳಲು ಬಾ ಎಂದು ಮತ್ತೆ ಕರೆದಿದ್ದಾರೆ. ಇದು ಮೂರನೆಯ ಸಲ. ಹಿಂದಿನ ಎರಡು ಸಲವೂ ಅಮ್ಮನಿಗಾಗಿ ಬೇಡವೆಂದೆ. ಹಾಗೆನ್ನುವ ಮೊದಲು, ಒಂದು ವರ್ಷದ ಮಟ್ಟಿಗೆ ಅವಳನ್ನು ನಿನ್ನ ಹತ್ತಿರ ಇಟ್ಟುಕೊಳ್ಳುತ್ತೀಯಾ ಎಂದು ನಿನ್ನನ್ನು ಕೇಳಿದ್ದೆ. ‘ನೋಡೋಣ ಅಕ್ಕಾ’ ಎಂದೆ. ನೋಡುವುದೇ ನಿನ್ನ ಕಸುಬು ತಾನೆ, ನೋಡುತ್ತಲೇ ಇದ್ದೀಯ. ನನಗೆ ನಲವತ್ತೇಳು ತುಂಬಿತು. ನಾಲ್ಕನೆಯ ಸಲ ಯಾರೂ ಕರೆಯುವುದಿಲ್ಲ. ಶನಿವಾರದೊಳಗೆ ಉತ್ತರ ಕೊಡಬೇಕು.

ಮೊನ್ನೆ ಪಕ್ಕದ ಮನೆಯ ಟೀಚರಮ್ಮನನ್ನು ಅಮ್ಮನ ಹತ್ತಿರ ಕೂರಿಸಿ, ಬೆಳಗಿನ ಬಸ್ಸು ಹಿಡಿದು ನಿನ್ನ ಚಿತ್ರಪ್ರದರ್ಶನಕ್ಕೆ ಬಂದಿದ್ದೆ. ನೀನು ಇರಲಿಲ್ಲ. ಇದ್ದಿದ್ದರೆ ಈ ಕಾಗದದ ಖರ್ಚು ಉಳಿಯುತ್ತಿತ್ತು. ಸುಳ್ಳು ಹೇಳುವುದಿಲ್ಲ, ಒಳಗೆ ಕಾಲಿಟ್ಟಾಗ ಎದೆ ಉಬ್ಬಿತು. ಅಷ್ಟು ದೊಡ್ಡ ಬಿಳಿ ಗೋಡೆಗಳ ತುಂಬಾ ನಮ್ಮಮ್ಮ! ಮೂವತ್ತೊಂದು ಅಮ್ಮಂದಿರು, ಎಲ್ಲರೂ ಫೋನಿನ ಪರದೆಯ ಆಕಾರದ ಚೌಕಟ್ಟಿನೊಳಗೆ. ಅವಳ ಒಣಗಿದ ತುಟಿ, ಕನ್ನಡಕದ ಮೇಲಿನ ನೀಲಿ ಬೆಳಕು, ನೆಟ್‌ವರ್ಕ್ ಕೈಕೊಟ್ಟಾಗ ಮುಖ ಚೂರುಚೂರಾಗುವುದು, ಒಂದನ್ನೂ ಬಿಟ್ಟಿಲ್ಲ ನೀನು. ಭಾನುವಾರಗಳಂದು ‘ಅಮ್ಮಾ, ಒಂದ್ನಿಮಿಷ ಹಾಗೇ ಇರು, ಅಲ್ಲಾಡಬೇಡ’ ಎನ್ನುತ್ತಿದ್ದೆಯಲ್ಲ, ಲೈನು ಸರಿಯಿಲ್ಲ ಎಂದುಕೊಂಡು ನಾವಿಬ್ಬರೂ ಉಸಿರು ಬಿಗಿಹಿಡಿದು ಕೂರುತ್ತಿದ್ದೆವು. ನೀನು ಸ್ಕ್ರೀನ್‌ಶಾಟ್ ತೆಗೆಯುತ್ತಿದ್ದೆ ಎಂದು ಅಲ್ಲಿ ನಿಂತಾಗ ಗೊತ್ತಾಯಿತು.

ಅದಕ್ಕೂ ನನಗೆ ಸಿಟ್ಟಿಲ್ಲ. ನನ್ನ ಕೈ ಎಲ್ಲಿ ಹೋಯಿತು ಎಂಬುದಕ್ಕೆ ಸಿಟ್ಟು. ನಾಲ್ಕು ವರ್ಷದಿಂದ ಪ್ರತಿ ಭಾನುವಾರ ಬಲಗೈಯಲ್ಲಿ ಫೋನು, ಎಡಗೈಯಲ್ಲಿ ಅಮ್ಮನ ದವಡೆ ಹಿಡಿದು ಕೂತವಳು ನಾನು. ನಾನು ಹಿಡಿಯದಿದ್ದರೆ ಆ ಮುಖ ನಿನ್ನ ಪರದೆಗೆ ಸಿಗುವುದೇ ಇಲ್ಲ. ಮೂವತ್ತೊಂದರಲ್ಲಿ ಒಂದರಲ್ಲೂ ಆ ಕೈ ಇಲ್ಲ. ಕತ್ತು ತಾನಾಗಿ ನೆಟ್ಟಗೆ ನಿಂತುಬಿಟ್ಟಿದೆ, ಯಾವ ಡಾಕ್ಟರ ಕೈಯಲ್ಲೂ ಆಗದ್ದನ್ನು ನೀನು ಕುಂಚದಲ್ಲಿ ಮಾಡಿದ್ದೀಯ. ಬಾಗಿಲ ಎಡಗಡೆಯ ಚಿತ್ರದಲ್ಲಿ ಮಾತ್ರ ಅಮ್ಮನ ಕೆನ್ನೆಯ ಮೇಲೆ ನಾಲ್ಕು ತಗ್ಗು ಉಳಿದಿವೆ. ಅವು ನನ್ನ ಬೆರಳು ಒತ್ತಿದ ಗುರುತು. ಅಲ್ಲಿ ಚಿತ್ರ ವಿವರಿಸುತ್ತಿದ್ದ ಹುಡುಗಿ ಅದನ್ನೇ ತೋರಿಸಿ, ‘ಒಂಟಿತನ ಮುಖದ ಮೇಲೆ ಹೇಗೆ ಗೆರೆ ಎಳೆದಿದೆ ನೋಡಿ. ಒಬ್ಬಳೇ ಇರೋ ತಾಯಿ, ದೂರದಲ್ಲಿರೋ ಒಬ್ಬನೇ ಮಗ, ನಡುವೆ ಬರೀ ಒಂದು ಗಾಜು. ಆದ್ರೂ ಎಷ್ಟು ಹತ್ರ ಇದಾರೆ!’ ಎಂದಳು. ಜನ ತಲೆದೂಗಿದರು. ಒಬ್ಬ ಹೆಂಗಸು ಕಣ್ಣೊರೆಸಿಕೊಂಡಳು. ನಾನು ಅವಳ ಪಕ್ಕದಲ್ಲೇ ಕೈಚೀಲ ಹಿಡಿದು ನಿಂತಿದ್ದೆ.

ನಾನೂ ಚಿತ್ರ ತೆಗೆದೇ ಹೊಟ್ಟೆ ಹೊರೆಯುವವಳು ಕಣೋ. ಮಕ್ಕಳ ಎದೆಯ ಎಕ್ಸ್‌ರೇ ತೆಗೆಯುವಾಗ ಮಗು ಕೊಸರಾಡುತ್ತದೆ, ತಾಯಿ ಹಿಡಿದುಕೊಳ್ಳುತ್ತಾಳೆ, ಅವಳ ಬೆರಳಿನ ಮೂಳೆಗಳೂ ಫಿಲ್ಮಿನಲ್ಲಿ ಬರುತ್ತವೆ. ಅದನ್ನು ನಾವು ಅಳಿಸುವುದಿಲ್ಲ. ಅಡ್ಡ ಬಂತೆಂದು ಯಾವ ಡಾಕ್ಟರೂ ಈವರೆಗೆ ಗೊಣಗಿಲ್ಲ.

ಪ್ರದರ್ಶನದ ಪುಸ್ತಕ ಕೊಂಡು ತಂದು ಅಮ್ಮನಿಗೆ ತೋರಿಸಿದೆ. ಪುಟ ಪುಟವನ್ನೂ ಮೂಗಿಗೆ ಹತ್ತಿರ ಹಿಡಿಸಿಕೊಂಡು ನೋಡಿದಳು. ‘ಇಷ್ಟು ನೆಟ್ಟಗೆ ಯಾವಾಗ ಕೂತಿದ್ನೇ ನಾನು?’ ಎಂದು ನಕ್ಕಳು. ಆಮೇಲೆ, ‘ನನ್ನ ಮಗ ಎಷ್ಟು ಚೆನ್ನಾಗಿ ಬರ್ದಿದಾನೆ’ ಎಂದಳು. ಪುಸ್ತಕ ಹಿಡಿದು ಹಿಡಿದು ನನ್ನ ತೋಳು ಸೋತಿತ್ತು. ಮುಚ್ಚಿಟ್ಟು ಒಳಗೆ ಹೋದೆ.

ಹೆಸರು ಇನ್ನೂ ದೊಡ್ಡದಾಗಲಿ, ಕೆಮ್ಮು ವಾಸಿಯಾಗಲಿ, ಹೊತ್ತಿಗೆ ಸರಿಯಾಗಿ ಊಟ ಮಾಡು. ಇಷ್ಟನ್ನು ಮನಸಾರೆ ಹೇಳುತ್ತಿದ್ದೇನೆ, ಉಳಿದದ್ದನ್ನು ಹೇಳುವಷ್ಟು ಮನಸ್ಸು ಇವತ್ತಿಲ್ಲ.

ನಿನ್ನ ಒಬ್ಬಳೇ ಅಕ್ಕ

ಮರೆತ ಮಾತು: ಕಾಗದ ಮಡಿಸುವ ಮೊದಲು ಕೆಲಸಕ್ಕೆ ಒಪ್ಪಿಗೆ ಕಳಿಸಿಬಿಟ್ಟೆ. ಇಪ್ಪತ್ತೆರಡನೇ ತಾರೀಕು ಬೆಳಿಗ್ಗೆ ಹತ್ತಕ್ಕೆ ಅಮ್ಮನನ್ನು ಕಾರಿನಲ್ಲಿ ಕರೆತಂದು ನಿನ್ನ ಮನೆಯಲ್ಲಿ ಬಿಟ್ಟು ಹೋಗುತ್ತೇನೆ. ‘ನೋಡೋಣ’ ಎನ್ನಬೇಡ, ಕೇಳುತ್ತಿಲ್ಲ, ತಿಳಿಸುತ್ತಿದ್ದೇನೆ. ಮಾತ್ರೆಗಳ ಪಟ್ಟಿ ಇದರ ಜೊತೆಗಿದೆ. ಅಮ್ಮನಿಗೂ ಹೇಳಿದೆ. ‘ಅವ್ನಿಗೆ ಕಷ್ಟ ಆಗಲ್ವೇನೇ?’ ಎಂದು ಕೇಳಿದಳು. ಈ ನಾಲ್ಕು ವರ್ಷಗಳಲ್ಲಿ ನನ್ನ ಬಗ್ಗೆ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ, ಅವಳೂ ಕೇಳಿರಲಿಲ್ಲ.